ಮಹಾಗ್ರಂಥಗಳನ್ನಷ್ಟೇ ಓದಿಸುವ ಕಥೋಲಿಕ ಕಾಲೇಜಿಗೆ ಮಗಳನ್ನು ಸೇರಿಸಬಹುದೆ?

ಪ್ರಶ್ನೆ: ನೇತ್ರಾವತಿ ದಂಡೆ

ನಮ್ಮದು ಬಂಟ್ವಾಳದ ಕಡೆಯ ಕಥೋಲಿಕ ಕುಟುಂಬ. ಹದಿನೆಂಟು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನೆಲೆಸಿದ್ದೇವೆ. ನಾನು ಚಿಪ್ ವಿನ್ಯಾಸದ ಕೆಲಸದಲ್ಲಿದ್ದೇನೆ, ಹೆಂಡತಿ ನರ್ಸ್. ಹಿರಿಯ ಮಗಳು ಈ ವರ್ಷ ಹೈಸ್ಕೂಲು ಮುಗಿಸುತ್ತಾಳೆ. ಗಣಿತದಲ್ಲಿ ಚುರುಕಾಗಿರುವ ಅವಳು ಕಂಪ್ಯೂಟರ್ ಸೈನ್ಸನ್ನೋ ಬಯಾಲಜಿಯನ್ನೋ ಹಿಡಿಯುತ್ತಾಳೆಂದು ನಾವು ಲೆಕ್ಕ ಹಾಕಿಕೊಂಡು ಕುಳಿತಿದ್ದಾಗ, ಹೋದ ತಿಂಗಳು ಊಟದ ಹೊತ್ತಿನಲ್ಲಿ, ತಾನು ಸಾಂತಾ ಪೌಲಾದ ಥಾಮಸ್ ಅಕ್ವೈನಸ್ ಕಾಲೇಜಿಗೆ ಅರ್ಜಿ ಹಾಕುವುದಾಗಿ ಹೇಳಿದಳು.

ಅಂದಿನಿಂದ ಆ ಕಾಲೇಜಿನ ವಿಚಾರವನ್ನು ಕೆದಕಿ ನೋಡುತ್ತಿದ್ದೇನೆ. 1971ರಲ್ಲಿ 33 ವಿದ್ಯಾರ್ಥಿಗಳೊಂದಿಗೆ ಆರಂಭವಾದ ಸಂಸ್ಥೆಯದು. 1978ರಲ್ಲಿ ಈಗಿನ ಗುಡ್ಡಗಾಡಿನ ಜಾಗಕ್ಕೆ ಬಂತು, 2019ರಲ್ಲಿ ಮ್ಯಾಸಚೂಸೆಟ್ಸಿನ ನಾರ್ತ್‌ಫೀಲ್ಡಿನಲ್ಲಿ ಎರಡನೆಯ ಕ್ಯಾಂಪಸ್ ತೆರೆಯಿತು. ಅಲ್ಲಿ ವಿಷಯವಾರು ವಿಭಾಗಗಳಿಲ್ಲ, ಐಚ್ಛಿಕ ವಿಷಯಗಳಿಲ್ಲ, ಪಠ್ಯಪುಸ್ತಕಗಳೂ ಇಲ್ಲ. ಎಲ್ಲರಿಗೂ ನಾಲ್ಕು ವರ್ಷ ಒಂದೇ ಪಾಠಕ್ರಮ, ಕೊನೆಗೆ ಒಂದೇ ಪದವಿ. ಹೋಮರ್, ಪ್ಲೇಟೊ, ಅರಿಸ್ಟಾಟಲ್, ಯೂಕ್ಲಿಡ್, ಟಾಲೆಮಿ, ಸಂತ ಆಗಸ್ಟೀನ್, ಸಂತ ಥಾಮಸ್ ಅಕ್ವೈನಸ್, ನ್ಯೂಟನ್, ಕಾಂಟ್, ಮಾರ್ಕ್ಸ್, ನೀಚೆ, ಐನ್‌ಸ್ಟೈನ್, ಹೀಗೆ ಮೂಲ ಲೇಖಕರನ್ನೇ ಮೇಜಿನ ಸುತ್ತ ಕುಳಿತು ಓದುತ್ತಾರೆ. ಅಧ್ಯಾಪಕರನ್ನು ಪ್ರೊಫೆಸರ್ ಎನ್ನದೆ ಟ್ಯೂಟರ್ ಎನ್ನುತ್ತಾರೆ, ಅವರು ಉಪನ್ಯಾಸ ಕೊಡುವುದಿಲ್ಲವಂತೆ.

ನನ್ನ ತಂದೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ, ಎಂದರೆ 1880ರಲ್ಲಿ ಇಟಲಿಯ ಜೆಸ್ವಿಟ್ ಗುರುಗಳು ಕಟ್ಟಿದ ಸಂಸ್ಥೆಯಲ್ಲಿ ಓದಿದವರು. ಕಥೋಲಿಕ ಶಿಕ್ಷಣವೆಂದರೆ ನಮ್ಮ ಮನೆಯಲ್ಲಿ ಶಿಸ್ತು, ಒಳ್ಳೆಯ ಇಂಗ್ಲಿಷು, ಅದರ ಹಿಂದೆಯೇ ಒಳ್ಳೆಯ ನೌಕರಿ ಎಂಬ ಅರ್ಥವಿತ್ತು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಯೂಕ್ಲಿಡನ ರೇಖಾಗಣಿತದ ಪುಸ್ತಕವನ್ನು ಇಪ್ಪತ್ತೊಂದನೆಯ ಶತಮಾನದ ಹುಡುಗಿ ಮೊದಲ ಪುಟದಿಂದ ಓದಿ ಪಡೆಯುವುದೇನು, ಅದು ಅವಳಲ್ಲಿ ಉಳಿಯುತ್ತದೆಯೇ, ಹೋಮರ್ ಮತ್ತು ನೀಚೆಯನ್ನು ಓದಿಸುವುದರಲ್ಲಿ ಕಥೋಲಿಕವಾದದ್ದು ಏನಿದೆ ಎಂಬುದು ನನಗೆ ನಿಜವಾಗಿಯೂ ಹೊಳೆಯುತ್ತಿಲ್ಲ. ಹೊಟ್ಟೆಪಾಡಿನ ಪ್ರಶ್ನೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಈ ಬಗೆಯ ಓದನ್ನು ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ಉತ್ತರ: ಸೀಮೆಸುಣ್ಣ

ನಾನು ಕಥೋಲಿಕಳಲ್ಲ, ಸಾಗರದ ಕಡೆಯ ಹವ್ಯಕರ ಮನೆಯವಳು. ನೀವು ಹೆಸರಿಸಿದ ಕಾಲೇಜಿನಲ್ಲಿ ಓದಿದವಳೂ ಅಲ್ಲ. ಆದರೆ ಇದೇ ಮಾದರಿಯ ಇನ್ನೊಂದು ಕಡೆ ನಾಲ್ಕು ವರ್ಷ ಕಳೆದಿದ್ದೇನೆ. ಆದ್ದರಿಂದ ಯೂಕ್ಲಿಡನ ಪ್ರಶ್ನೆಗೆ ಉತ್ತರಿಸುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲ ವಾರದ ಒಂದು ಬೆಳಿಗ್ಗೆ ಮೊದಲ ಪ್ರಮೇಯವನ್ನು ಸಾಧಿಸಲು ನನ್ನನ್ನು ಹಲಗೆಯ ಬಳಿಗೆ ಕರೆದರು. ಕೊಟ್ಟ ಒಂದು ಗೆರೆಯ ಮೇಲೆ ಮೂರೂ ಬಾಹುಗಳು ಸಮನಾಗಿರುವ ತ್ರಿಕೋನವನ್ನು ರಚಿಸಬೇಕು, ಅಷ್ಟೆ. ಪಿಯುಸಿಯಲ್ಲಿ ಕ್ಯಾಲ್ಕುಲಸ್ ಮುಗಿಸಿ ಬಂದಿದ್ದ ನನಗೆ ಇದು ಮಕ್ಕಳಾಟವೆನಿಸಿತು. ಪುಸ್ತಕವನ್ನು ಕೈಯಲ್ಲಿ ಹಿಡಿಯುವಂತಿರಲಿಲ್ಲ. ಗೆರೆಯ ಒಂದು ತುದಿಯನ್ನು ಕೇಂದ್ರವಾಗಿಟ್ಟುಕೊಂಡು ಗೆರೆಯಷ್ಟೇ ತ್ರಿಜ್ಯದ ವೃತ್ತವೊಂದನ್ನು ಎಳೆದೆ, ಇನ್ನೊಂದು ತುದಿಯಿಂದ ಇನ್ನೊಂದನ್ನು ಎಳೆದೆ. ಎರಡೂ ಕೂಡುವ ಬಿಂದುವನ್ನು ಎರಡು ತುದಿಗಳಿಗೆ ಸೇರಿಸಿ, ತ್ರಿಜ್ಯಗಳೆಲ್ಲ ಸಮನಾದ್ದರಿಂದ ಮೂರು ಬಾಹುಗಳೂ ಸಮ ಎಂದು ಹೇಳಿ ಸೀಮೆಸುಣ್ಣವನ್ನು ಕೆಳಗಿಟ್ಟೆ. ಆಗ ಮೂಲೆಯಲ್ಲಿ ಕುಳಿತಿದ್ದ, ಅದುವರೆಗೆ ಬಾಯಿಯೇ ತೆರೆಯದಿದ್ದ ಒಬ್ಬ ಹುಡುಗ ಕೇಳಿದ: ‘ಈ ಎರಡು ವೃತ್ತಗಳು ಒಂದನ್ನೊಂದು ಕೂಡುತ್ತವೆ ಎಂದು ಯಾರು ಹೇಳಿದರು?’

ಕಣ್ಣಿಗೆ ಕಾಣುತ್ತದಲ್ಲ ಎಂದೆ. ಕಾಣುವುದು ಸೀಮೆಸುಣ್ಣದ ಗುರುತು, ಯೂಕ್ಲಿಡನ ಗೆರೆಗೆ ಅಗಲವೇ ಇಲ್ಲ ಎಂದು ಇನ್ನೊಬ್ಬಳು ಸೇರಿಸಿದಳು. ಪುಸ್ತಕ ತೆಗೆದು ಆರಂಭದ ಐದು ಸ್ವೀಕೃತ ನಿಯಮಗಳನ್ನು ಒಂದೊಂದಾಗಿ ಹುಡುಕಿದೆವು. ಗೆರೆ ಎಳೆಯಬಹುದು, ಗೆರೆಯನ್ನು ಬೆಳೆಸಬಹುದು, ಯಾವ ಕೇಂದ್ರದಿಂದಲೂ ವೃತ್ತ ಎಳೆಯಬಹುದು ಎಂದಿದೆ. ವೃತ್ತಗಳು ಕೂಡುತ್ತವೆಂಬ ಮಾತು ಎಲ್ಲಿಯೂ ಇಲ್ಲ. ಟ್ಯೂಟರ್ ನಗಲೂ ಇಲ್ಲ, ಉತ್ತರವನ್ನೂ ಕೊಡಲಿಲ್ಲ. ಒಂದು ಗಂಟೆಯ ಬಳಿಕ ನಮಗೆ ತಿಳಿದದ್ದಿಷ್ಟು: ಜಗತ್ತಿನಲ್ಲಿಯೇ ಅತ್ಯಂತ ಖಚಿತವೆಂದು ಹೆಸರಾದ ಪುಸ್ತಕದ ಮೊದಲನೆಯ ಪ್ರಮೇಯದಲ್ಲಿಯೇ ಒಂದು ಸಂದು ಇದೆ, ಅದು ಇದೆಯೆಂದು ಹದಿನೆಂಟರ ಹುಡುಗ ಕಂಡುಹಿಡಿಯಬಲ್ಲ, ಹಾಗಿದ್ದೂ ಆ ಪುಸ್ತಕ ಕುಸಿಯುವುದಿಲ್ಲ. ನನ್ನ ಶಾಲೆಯ ಗಣಿತದ ಪುಸ್ತಕದಲ್ಲಿ ಇಂಥ ಸಂದುಗಳಿಗೆ ಬಣ್ಣ ಬಳಿದಿದ್ದರು, ಆದ್ದರಿಂದ ಅವು ಎಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇದಾದ ಮೇಲೆ ಟಾಲೆಮಿ. ಭೂಮಿ ನಡುವೆ ನಿಂತಿದೆ, ಸೂರ್ಯ ಸುತ್ತುತ್ತಾನೆ ಎನ್ನುವ ಪುಸ್ತಕವನ್ನು ತಿಂಗಳುಗಟ್ಟಲೆ ಲೆಕ್ಕ ಹಾಕಿ ಓದುವುದು ಹುಚ್ಚಲ್ಲವೆ ಎಂದು ನಾನೂ ಗೊಣಗಿದ್ದೆ. ಆದರೆ ಭೂಮಿ ಸುತ್ತುತ್ತದೆ ಎಂಬುದು ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ, ನಮ್ಮಲ್ಲಿ ಬಹುತೇಕರ ಉತ್ತರ ಶಾಲೆಯಲ್ಲಿ ಹೇಳಿಕೊಟ್ಟರು ಎಂಬುದೇ ಆಗಿರುತ್ತದೆ. ಎಂದರೆ ಟಾಲೆಮಿಯ ಕಾಲದ ರೈತನ ನಂಬಿಕೆಗೂ ನಮ್ಮದಕ್ಕೂ ವ್ಯತ್ಯಾಸವಿಲ್ಲ, ನಂಬಿದ ಸಂಗತಿ ಮಾತ್ರ ಬೇರೆ. ಟಾಲೆಮಿಯ ಚಕ್ರದ ಮೇಲಿನ ಚಕ್ರಗಳನ್ನು ಕೈಯಾರೆ ಎಳೆದು, ಅವು ಗ್ರಹಗಳ ಹಿನ್ನಡೆಯನ್ನು ಎಷ್ಟು ಚೆನ್ನಾಗಿ ವಿವರಿಸುತ್ತವೆಂದು ಬೆರಗಾಗಿ, ಅನಂತರ ಕೋಪರ್ನಿಕಸ್ಸಿಗೆ ಬಂದರೆ, ಅವನೂ ಅಂಥ ಚಕ್ರಗಳನ್ನು ಬಿಟ್ಟಿರಲಿಲ್ಲವೆಂದು ತಿಳಿದು ಇನ್ನೊಂದು ಆಘಾತವಾಗುತ್ತದೆ. ಕೆಪ್ಲರ್ ಬಂದು ವೃತ್ತವನ್ನೇ ಬಿಟ್ಟು ದೀರ್ಘವೃತ್ತವನ್ನು ಹಿಡಿದಾಗ ಅವನು ಎಷ್ಟು ದೊಡ್ಡದನ್ನು ತ್ಯಜಿಸಿದ ಎಂಬುದು ಮೈಗೆ ಹತ್ತುತ್ತದೆ.

ನಾನು ಈಗ ವಕೀಲೆ, ಒಪ್ಪಂದಗಳ ಕರಡು ನೋಡುವುದು ನನ್ನ ದಿನದ ಕೆಲಸ. ಹೋಮರನ ಸಾಲುಗಳು ಬಹಳಷ್ಟು ಮರೆತುಹೋಗಿವೆ, ಲ್ಯಾಟಿನ್ ತುಕ್ಕು ಹಿಡಿದಿದೆ. ಆದರೆ ನಲವತ್ತು ಪುಟಗಳ ಕರಡಿನಲ್ಲಿ ಎಲ್ಲರೂ ಕಣ್ಣಾಡಿಸಿ ಸರಿ ಎಂದ ವಾಕ್ಯದ ಮುಂದೆ ನನ್ನ ಕೈ ತಾನಾಗಿಯೇ ನಿಲ್ಲುತ್ತದೆ, ಈ ಎರಡು ವೃತ್ತಗಳು ಕೂಡುತ್ತವೆ ಎಂದು ಯಾರು ಹೇಳಿದರು ಎಂದು ಆ ಹುಡುಗನ ದನಿಯಲ್ಲಿಯೇ ಒಳಗಿನಿಂದ ಪ್ರಶ್ನೆ ಬರುತ್ತದೆ. ಉಳಿಯುವುದೇನು ಎಂದು ಕೇಳಿದಿರಿ, ನನ್ನಲ್ಲಿ ಉಳಿದದ್ದು ಇದು.

ಒಂದು ಎಚ್ಚರಿಕೆಯ ಮಾತು. ಮಗಳು ಮಾತನಾಡಲು ಸಂಕೋಚಪಡುವವಳಾದರೆ ಮೊದಲ ವರ್ಷ ಕಷ್ಟವಾಗುತ್ತದೆ. ಇಂಥ ಕಾಲೇಜುಗಳಲ್ಲಿ ‘ಡಾನ್ ರ‍್ಯಾಗ್’ ಎಂಬ ಪದ್ಧತಿಯಿದೆ. ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಟ್ಯೂಟರುಗಳೆಲ್ಲ ಅವಳ ಓದಿನ ಬಗ್ಗೆ ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತಾರೆ, ಅವಳು ಕೇಳಿಸಿಕೊಳ್ಳಬೇಕು. ಹೆಣ್ಣು ನೋಡಲು ಬಂದವರ ಮುಂದೆ ಕುಳಿತ ಹಾಗಿರುತ್ತದೆ ಎಂದು ನಾನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ.

ಉತ್ತರ: ಮೈಸೂರು ಮೇಷ್ಟ್ರು

ಮೇಲಿನ ಅನುಭವವನ್ನು ಸಂತೋಷದಿಂದ ಓದಿದೆ. ಆದರೂ ಎರಡು ತಕರಾರುಗಳಿವೆ.

ಮೊದಲನೆಯದು, ಕಥೋಲಿಕ ಧರ್ಮಸಭೆಗೂ ಮಹಾಗ್ರಂಥಗಳಿಗೂ ಇರುವ ನಂಟು ಇಲ್ಲಿ ಕಾಣುವಷ್ಟು ಸುಖದ್ದಲ್ಲ. 1559ರಲ್ಲಿ ನಾಲ್ಕನೆಯ ಪೌಲ್ ಪೋಪರ ಕಾಲದಲ್ಲಿ ಹೊರಟ ನಿಷಿದ್ಧ ಗ್ರಂಥಗಳ ಸೂಚಿಯನ್ನು ರೋಮ್ ಕೈಬಿಟ್ಟದ್ದು 1966ರಲ್ಲಿ. ಕೋಪರ್ನಿಕಸ್ಸಿನ ಪುಸ್ತಕ 1616ರಲ್ಲಿ ಅದರ ಹಿಡಿತಕ್ಕೆ ಸಿಕ್ಕಿತು, ಹೆಸರು ಹೊರಬಿದ್ದದ್ದು 1835ರ ಆವೃತ್ತಿಯಲ್ಲಿ. ಡೇಕಾರ್ಟ್ 1663ರಲ್ಲಿ ಸೇರಿದ, ಕಾಂಟನ ಶುದ್ಧವಿಚಾರದ ವಿಮರ್ಶೆ 1827ರಲ್ಲಿ ಸೇರಿತು. ಈಗ ಆ ಕಾಲೇಜಿನಲ್ಲಿ ಇವರೆಲ್ಲರನ್ನೂ ಓದಿಸುತ್ತಾರೆ, ಒಳ್ಳೆಯದೇ. ಆದರೆ ಆ ಕಾಲೇಜು ಹುಟ್ಟುವುದಕ್ಕೆ ಬರೀ ಐದು ವರ್ಷಗಳ ಹಿಂದಿನವರೆಗೂ ಇವರಲ್ಲಿ ಕೆಲವರನ್ನು ಓದಲು ಶ್ರದ್ಧಾವಂತನು ಅನುಮತಿ ಕೇಳಬೇಕಾಗಿತ್ತು ಎಂಬುದನ್ನು ಮರೆಯಬಾರದು.

ಎರಡನೆಯದು ಪಟ್ಟಿಯ ಪ್ರಶ್ನೆ. ಈ ಮಹಾಗ್ರಂಥಗಳ ಚಳವಳಿ ಅಮೆರಿಕದಲ್ಲಿ ಬೆಳೆದದ್ದು ಕಥೋಲಿಕರಿಂದಲ್ಲ, ಮೊದಲು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಬಳಿಕ ಚಿಕಾಗೊದಲ್ಲಿ. ಬ್ಯಾಪ್ಟಿಸ್ಟರು ಕಟ್ಟಿದ ಚಿಕಾಗೊ ವಿಶ್ವವಿದ್ಯಾಲಯದಲ್ಲಿ ನಾಸ್ತಿಕ ಪ್ರೊಫೆಸರುಗಳು ಯೆಹೂದಿ ಹುಡುಗರಿಗೆ ಸಂತ ಥಾಮಸ್ ಅಕ್ವೈನಸರ ಪಾಠ ಹೇಳುತ್ತಾರೆ ಎಂಬ ಹಳೆಯ ಚಟಾಕಿಯೇ ಇದೆ. ಅಲ್ಲಿನ ಹಚಿನ್ಸ್ ಮತ್ತು ಆಡ್ಲರ್ ಸಂಪಾದಿಸಿ 1952ರಲ್ಲಿ ಹೊರತಂದ ಪಾಶ್ಚಾತ್ಯ ಮಹಾಗ್ರಂಥಗಳ 54 ಸಂಪುಟಗಳಲ್ಲಿ ಒಬ್ಬ ಹೆಂಗಸಿನ ಬರಹವೂ ಇರಲಿಲ್ಲ. ಜೇನ್ ಆಸ್ಟಿನ್, ಜಾರ್ಜ್ ಎಲಿಯಟ್ ಮೊದಲಾದವರು ಒಳಗೆ ಬಂದದ್ದು 1990ರ ಎರಡನೆಯ ಆವೃತ್ತಿಯಲ್ಲಿ. ಪಾಶ್ಚಾತ್ಯ ಎಂದು ಹೆಸರಿನಲ್ಲೇ ಹೇಳಿಕೊಂಡದ್ದರಿಂದ ಮಹಾಭಾರತ ಏಕಿಲ್ಲವೆಂದು ಕೇಳುವಂತಿಲ್ಲ, ಸರಿ. ಆದರೆ ಬಂಟ್ವಾಳದ ಮೂಲದ ಹುಡುಗಿ ಟಾಲೆಮಿಯನ್ನು ತಿಂಗಳುಗಟ್ಟಲೆ ಓದಿ, ಭೂಮಿಯೇ ತಿರುಗುತ್ತದೆ ಎಂದು ಕ್ರಿ.ಶ. 499ರಷ್ಟು ಹಿಂದೆ ಬರೆದ, ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡವೇ ಹಿಂದೆ ಹೋದಂತೆ ಕಾಣುತ್ತದೆ ಎಂದು ಉಪಮೆ ಕೊಟ್ಟ ಆರ್ಯಭಟನ ಹೆಸರನ್ನೂ ಕೇಳದೆ ಪದವಿ ಪಡೆದರೆ, ಅದನ್ನು ಸಮಗ್ರ ಶಿಕ್ಷಣವೆಂದು ನಾನಂತೂ ಕರೆಯಲಾರೆ. ಸಾಂತಾ ಫೇಯಲ್ಲಿರುವ ಸೇಂಟ್ ಜಾನ್ಸ್ ಕಾಲೇಜಿನವರು ಪೌರಸ್ತ್ಯ ಗ್ರಂಥಗಳಿಗಾಗಿ ಪ್ರತ್ಯೇಕ ಸ್ನಾತಕೋತ್ತರ ಪಾಠಕ್ರಮ ನಡೆಸುತ್ತಾರೆ, ಸಂಸ್ಕೃತವನ್ನೂ ಕಲಿಸುತ್ತಾರೆ. ಹೆಸರಿನಲ್ಲಿ ಸಂತನಿದ್ದರೂ ಅದು ಕಥೋಲಿಕ ಕಾಲೇಜಲ್ಲ.

ಉತ್ತರ: ಗುರುಮಠ ಬಿಟ್ಟವನು

ಮೇಷ್ಟ್ರು ಹೇಳಿದ ಸಂಗತಿಗಳು ಸರಿಯಾಗಿವೆ, ಅವನ್ನು ಅಲ್ಲಗಳೆಯುವುದಿಲ್ಲ. ಆದರೆ ಕಥೆ 1559ಕ್ಕೆ ಆರಂಭವಾಗುವುದಿಲ್ಲ. 1210ರಲ್ಲಿಯೇ ಪ್ಯಾರಿಸಿನಲ್ಲಿ ಅರಿಸ್ಟಾಟಲನ ಪ್ರಕೃತಿವಿಜ್ಞಾನದ ಗ್ರಂಥಗಳ ಪಾಠವನ್ನು ಬಿಷಪ್ಪರು ನಿಷೇಧಿಸಿದ್ದರು. 1255ರ ಹೊತ್ತಿಗೆ ಅವೇ ಗ್ರಂಥಗಳು ಅದೇ ವಿಶ್ವವಿದ್ಯಾಲಯದ ಕಡ್ಡಾಯ ಪಾಠವಾಗಿದ್ದವು. ಆ ಅರಿಸ್ಟಾಟಲನನ್ನು ಹಿಡಿದು ದೈವಶಾಸ್ತ್ರ ಕಟ್ಟಿದ ಥಾಮಸರು 1274ರಲ್ಲಿ ತೀರಿಕೊಂಡ ಮೂರೇ ವರ್ಷಗಳಲ್ಲಿ ಪ್ಯಾರಿಸಿನ ಬಿಷಪ್ಪರು 219 ವಾದಗಳನ್ನು ಖಂಡಿಸಿದರು, ಅವುಗಳಲ್ಲಿ ಕೆಲವು ಥಾಮಸರ ಅಭಿಪ್ರಾಯಗಳಿಗೂ ತಾಗುತ್ತಿದ್ದವು. 1323ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ನಿಷೇಧಿಸಿದವರೂ ನಮ್ಮವರೇ, ನಿಷೇಧಿಸಿದ್ದನ್ನು ಓದಿ ಅರಗಿಸಿಕೊಂಡವರೂ ನಮ್ಮವರೇ. ಈ ಜಗಳವೇ ಕಥೋಲಿಕ ಶಿಕ್ಷಣದ ನಿಜವಾದ ಚರಿತ್ರೆ ಎಂದು ನನ್ನ ತಿಳಿವಳಿಕೆ.

ನಾನು ಗುರುಮಠದಲ್ಲಿ, ಎಂದರೆ ಪಾದ್ರಿಗಳಾಗುವವರ ತರಬೇತಿ ಶಾಲೆಯಲ್ಲಿ, ಆರು ವರ್ಷ ಇದ್ದು ದೀಕ್ಷೆಗೆ ಮೊದಲು ಹೊರಬಂದವನು. ಕಾರಣಗಳು ಇಲ್ಲಿ ಅಪ್ರಸ್ತುತ. ಹೊರಬರುವಾಗ ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಥಾಮಸರ ದೈವಶಾಸ್ತ್ರದ ಮಹಾಗ್ರಂಥ ಸುಮ್ಮಾದ ಒಂದು ಹರಕು ಸಂಪುಟ. ಅದನ್ನು ಇನ್ನೂ ಓದುತ್ತೇನೆ, ಭಕ್ತಿಗಿಂತ ಹೆಚ್ಚಾಗಿ ಅದರ ಕಟ್ಟೋಣಕ್ಕಾಗಿ. ದೇವರು ಇದ್ದಾನೆಯೇ ಎಂಬ ಪ್ರಶ್ನೆ ಬರುವ ಕಡೆ ನೋಡಿ. ಉತ್ತರಕ್ಕೆ ಮೊದಲು ಆಕ್ಷೇಪಗಳಿವೆ. ಅಪಾರವಾದ ಒಳಿತೊಂದು ಇರುವುದಾದರೆ ಅದಕ್ಕೆ ವಿರುದ್ಧವಾದ ಕೆಡುಕು ಉಳಿಯಬಾರದು, ಆದರೆ ಲೋಕದಲ್ಲಿ ಕೆಡುಕಿದೆ, ಆದ್ದರಿಂದ ದೇವರಿಲ್ಲ ಎಂಬುದು ಮೊದಲನೆಯದು. ನಾವು ಕಾಣುವುದನ್ನೆಲ್ಲ ಪ್ರಕೃತಿ ಮತ್ತು ಮನುಷ್ಯನ ಸಂಕಲ್ಪ ಇವೆರಡರಿಂದಲೇ ವಿವರಿಸಲು ಸಾಧ್ಯವಿರುವಾಗ ಮೂರನೆಯದರ ಅಗತ್ಯವೇನು ಎಂಬುದು ಎರಡನೆಯದು. ಇಂದಿನ ನಾಸ್ತಿಕನೂ ಇಷ್ಟು ಕಡಿಮೆ ಮಾತುಗಳಲ್ಲಿ ಇಷ್ಟು ಬಲವಾಗಿ ಹೇಳುವುದು ಕಷ್ಟ. ಆಮೇಲೆ ಒಂದು ಪ್ರಮಾಣವಾಕ್ಯ, ಆಮೇಲೆ ತಮ್ಮ ಉತ್ತರ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ಪೂರ್ವಪಕ್ಷ, ಸಿದ್ಧಾಂತ ಎಂದು ನಮ್ಮ ಶಾಸ್ತ್ರಕಾರರು ಕರೆದದ್ದು ಇದನ್ನೇ ಅಲ್ಲವೆ? ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸದೆ ಅದನ್ನು ಖಂಡಿಸಲು ಹೊರಡುವುದು ನಾಚಿಕೆಗೇಡು ಎಂಬ ಮರ್ಯಾದೆ ಎರಡೂ ಕಡೆ ಇತ್ತು. ಅರಬ್ ಮುಸ್ಲಿಮನಾದ ಇಬ್ನ್ ರುಶ್ದ್ ಥಾಮಸರ ಪುಟಗಳಲ್ಲಿ ‘ವ್ಯಾಖ್ಯಾನಕಾರ’ ಎಂಬ ಬಿರುದಿನಿಂದ ಬರುತ್ತಾನೆ, ಯೆಹೂದಿಯಾದ ಮೈಮೊನಿಡೀಸ್ ‘ರಬ್ಬಿ ಮೋಸೆಸ್’ ಆಗಿ ಬರುತ್ತಾನೆ. ನೀಚೆಯನ್ನು ಓದಿಸುವುದರಲ್ಲಿ ಕಥೋಲಿಕವಾದದ್ದೇನು ಎಂದು ಕೇಳಿದಿರಲ್ಲ, ಆ ಕಾಲೇಜಿನ ಮಟ್ಟಿಗೆ ನೀಚೆ ಪೂರ್ವಪಕ್ಷದ ಪೀಠದಲ್ಲಿ ಕುಳಿತಿದ್ದಾನೆ, ಅಲ್ಲಿ ಅವನಿಗೆ ಪೂರ್ತಿ ಅವಕಾಶ ಕೊಡಬೇಕು. ಕೊಡುತ್ತಾರೆಯೇ ಎಂಬುದನ್ನು ನೀವು ಹೋಗಿ ಒಂದು ತರಗತಿಯಲ್ಲಿ ಕುಳಿತು ನೋಡಬೇಕು.

ಹೋಮರ್, ವರ್ಜಿಲರ ವಿಷಯ ಇನ್ನೂ ಹಳೆಯದು. ಸಂತ ಆಗಸ್ಟೀನರು ತಮ್ಮ ಆತ್ಮನಿವೇದನೆಯಲ್ಲಿ, ಹುಡುಗನಾಗಿದ್ದಾಗ ವರ್ಜಿಲನ ಕಾವ್ಯದ ಡೈಡೊ ಪ್ರೇಮಕ್ಕಾಗಿ ಸತ್ತಳೆಂದು ಅತ್ತೆನಲ್ಲ, ದೇವರಿಂದ ದೂರವಾಗಿ ಸಾಯುತ್ತಿದ್ದ ನನಗಾಗಿ ಅಳಲಿಲ್ಲವಲ್ಲ ಎಂದು ತಮ್ಮನ್ನೇ ಜರೆದುಕೊಳ್ಳುತ್ತಾರೆ. ಜರೆದುಕೊಳ್ಳುವ ಆ ಲ್ಯಾಟಿನ್ ಗದ್ಯದ ಸೊಗಸು ಮಾತ್ರ ವರ್ಜಿಲನ ಶಾಲೆಯಲ್ಲಿ ಕಲಿತದ್ದು. ಬಿಷಪ್ಪರಾದ ಮೇಲೂ ಅವರು ಡೈಡೊಳನ್ನು ಮರೆಯಲಾಗಲಿಲ್ಲ.

ಆದರೆ ಈ ಓದು ಮಗಳನ್ನು ಒಳ್ಳೆಯ ಕಥೋಲಿಕಳನ್ನಾಗಿ ಮಾಡುತ್ತದೆ ಎಂಬ ಆಸೆಯಿಂದ ಕಳಿಸಬೇಡಿ. ಕಾರ್ಡಿನಲ್ ನ್ಯೂಮನ್ನರು 1852ರಲ್ಲಿ ಡಬ್ಲಿನ್ನಿನಲ್ಲಿ ಕಥೋಲಿಕ ವಿಶ್ವವಿದ್ಯಾಲಯಕ್ಕಾಗಿ ಉಪನ್ಯಾಸ ಕೊಡುತ್ತಲೇ, ಉದಾರ ಶಿಕ್ಷಣವು ರೂಪಿಸುವುದು ಕ್ರೈಸ್ತನನ್ನಲ್ಲ, ಕಥೋಲಿಕನನ್ನಲ್ಲ, ಸಭ್ಯನನ್ನು ಮಾತ್ರ ಎಂದು ಬಿಚ್ಚಿ ಹೇಳಿದರು. ಮನುಷ್ಯನ ಕಾಮ ಮತ್ತು ಗರ್ವಗಳನ್ನು ವಿದ್ಯೆಯಿಂದ ಗೆಲ್ಲಲು ಹೊರಡುವುದು ಕ್ಷೌರದ ಕತ್ತಿಯಿಂದ ಕಗ್ಗಲ್ಲನ್ನು ಕಡಿಯಲು ಹೊರಟಂತೆ ಎಂಬುದು ಅವರ ಉಪಮೆ. ಹಾಗಿದ್ದೂ ಜ್ಞಾನಕ್ಕೆ ಅದರದೇ ಆದ ಬೆಲೆಯಿದೆ, ಆರೋಗ್ಯಕ್ಕೆ ಬೆಲೆಯಿರುವಂತೆ, ಎಂದು ಅವರು ಪಟ್ಟು ಹಿಡಿದರು.

ಪಟ್ಟಿಯ ಪ್ರಶ್ನೆಗೆ ಒಂದು ಮಾತು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸರು, ಯುರೋಪಿನ ಓದನ್ನು ತಲೆಯಲ್ಲಿ ಹೊತ್ತುಕೊಂಡೇ ಇಲ್ಲಿನ ಭಾಷೆಗಳನ್ನು ಕಲಿತು, ಮರಾಠಿ ಸಂತರ ಓವಿ ಛಂದಸ್ಸಿನಲ್ಲಿ ಹನ್ನೊಂದು ಸಾವಿರದಷ್ಟು ಪದ್ಯಗಳ ಕ್ರಿಸ್ತಪುರಾಣವನ್ನು ಬರೆದರು. ಅದು 1616ರಲ್ಲಿ ಅಚ್ಚಾಯಿತು. ಆ ಹಳೆಯ ಮುದ್ರಣಗಳು ಅಳಿದುಹೋದರೂ ಕಾವ್ಯ ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಉಳಿಯಿತು, 1907ರಲ್ಲಿ ಮಂಗಳೂರಿನಲ್ಲಿಯೇ ಮತ್ತೆ ಅಚ್ಚಾಯಿತು. ನಿಮ್ಮ ಅಜ್ಜಿಯಂದಿರಲ್ಲಿ ಯಾರಾದರೂ ಅದರ ಪದ್ಯಗಳನ್ನು ಹಾಡಿರಲೂಬಹುದು. ಕಾಲೇಜಿನ ಪಟ್ಟಿಯಲ್ಲಿ ಅದು ಇರುವುದಿಲ್ಲ, ಮನೆಯ ಪಟ್ಟಿಯಲ್ಲಿ ಇರಬಾರದೇಕೆ?

ಉತ್ತರ: ಅರ್ವಿಂಗಿನ ಅಮ್ಮ

ಯಾರೂ ಹೊಟ್ಟೆಪಾಡಿನ ಮಾತೆತ್ತಲಿಲ್ಲ, ಆದ್ದರಿಂದ ನಾನೇ ಎತ್ತುತ್ತೇನೆ. ಒಂದೇ ಪದವಿಯ ಇಂಥ ಕಾಲೇಜಿನಿಂದ ಮೆಡಿಕಲ್ಲಿಗೆ ಹೋಗುವವರೂ ಇದ್ದಾರೆ, ಆದರೆ ಮೆಡಿಕಲ್ ಕಾಲೇಜುಗಳು ಕೇಳುವ ಆರ್ಗ್ಯಾನಿಕ್ ಕೆಮಿಸ್ಟ್ರಿಯಂಥ ವಿಷಯಗಳನ್ನು ಬೇರೆ ಕಡೆ, ಬೇರೆ ಖರ್ಚಿನಲ್ಲಿ ಮುಗಿಸಿಕೊಳ್ಳಬೇಕಾಗುತ್ತದೆ. ಲವಾಜಿಯೆ, ಡಾಲ್ಟನ್ನರ ಮೂಲ ಬರಹಗಳನ್ನು ಓದಿದ್ದೇನೆ ಎಂದರೆ ಪ್ರವೇಶ ಸಮಿತಿಯವರು ತಲೆದೂಗಬಹುದು, ಕ್ರೆಡಿಟ್ ಕೊಡುವುದಿಲ್ಲ. ಕಾನೂನಿಗೆ ಈ ತೊಡಕಿಲ್ಲ, ಯಾವ ಪದವಿಯಾದರೂ ನಡೆಯುತ್ತದೆ.

ಎರಡೂ ಬೇಕೆನ್ನುವವರಿಗೆ ನಡುದಾರಿಯಿದೆ. ನಮ್ಮೂರು ಟೆಕ್ಸಾಸಿನ ಅರ್ವಿಂಗ್. ಇಲ್ಲಿ 1956ರಲ್ಲಿ ಆರಂಭವಾದ ಡಲ್ಲಸ್ ವಿಶ್ವವಿದ್ಯಾಲಯವೂ ಕಥೋಲಿಕರದೇ. ಎಲ್ಲ ವಿದ್ಯಾರ್ಥಿಗಳೂ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್, ದಾಸ್ತಯೇವ್‌ಸ್ಕಿ ಮೊದಲಾದವರನ್ನು ಕಡ್ಡಾಯವಾಗಿ ಓದುತ್ತಾರೆ, ಜೊತೆಗೆ ಬಯಾಲಜಿಯನ್ನೋ ಅರ್ಥಶಾಸ್ತ್ರವನ್ನೋ ಮುಖ್ಯ ವಿಷಯವಾಗಿ ಹಿಡಿಯುತ್ತಾರೆ. ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿ ಒಂದು ಸೆಮಿಸ್ಟರ್ ರೋಮ್ ಸಮೀಪದ ಅವರ ಕ್ಯಾಂಪಸ್ಸಿನಲ್ಲಿ ಕಳೆಯುತ್ತಾರೆ. ನಮ್ಮ ಪರಿಚಯದ ಹುಡುಗಿಯೊಬ್ಬಳು ಅಲ್ಲಿ ಬಯೋಕೆಮಿಸ್ಟ್ರಿ ಓದಿದಳು. ಪ್ರಯೋಗಾಲಯದಿಂದ ಬಂದು ಬಸ್ಸಿನಲ್ಲಿ ಇಲಿಯಡ್ ಓದುವಾಗ ನಿದ್ದೆ ಬಂದುಬಿಡುತ್ತಿತ್ತು ಎನ್ನುತ್ತಾಳೆ. ಎರಡು ದೋಣಿಯಲ್ಲಿ ಕಾಲಿಟ್ಟವರ ಕಷ್ಟ ಅದು. ಪೂರ್ತಿ ಮುಳುಗಬೇಕೆನ್ನುವ ಮಗುವಿಗೆ ಈ ನಡುದಾರಿ ಹಿಡಿಸಲಿಕ್ಕಿಲ್ಲ.

ಉತ್ತರ: ಮೈಸೂರು ಮೇಷ್ಟ್ರು

ಗುರುಮಠ ಬಿಟ್ಟವರ ಉತ್ತರ ಓದಿದ ಮೇಲೆ ನನ್ನ ಮೊದಲನೆಯ ತಕರಾರು ಅರ್ಧ ಸಡಿಲವಾಗಿದೆ, ಎರಡನೆಯದು ಹಾಗೆಯೇ ಇದೆ. ಆದರೆ ಧರ್ಮಕ್ಕೂ ಅನ್ಯರ ಕಾವ್ಯಕ್ಕೂ ಇರುವ ನಂಟಿನ ಬಗ್ಗೆ ಅವರು ಹೇಳಿದ್ದು ನನಗೆ ಪಂಪನನ್ನು ನೆನಪಿಸಿತು. ಜೈನನಾದ ಅವನು 941ರ ಸುಮಾರಿಗೆ ಆದಿಪುರಾಣವನ್ನೂ ಬರೆದ, ವ್ಯಾಸರ ಕಥೆಯನ್ನು ಹಿಡಿದು ವಿಕ್ರಮಾರ್ಜುನ ವಿಜಯವನ್ನೂ ಬರೆದ. ಅಲ್ಲಿ ಜಿನಾಗಮವನ್ನು ಬೆಳಗುತ್ತೇನೆ, ಇಲ್ಲಿ ಲೌಕಿಕವನ್ನು ಬೆಳಗುತ್ತೇನೆ ಎಂದು ತಾನೇ ಹೇಳಿಕೊಂಡ. ಒಂದನ್ನು ಇನ್ನೊಂದರೊಳಗೆ ಕರಗಿಸಲಿಲ್ಲ, ಒಂದಕ್ಕಾಗಿ ಇನ್ನೊಂದನ್ನು ಸುಡಲೂ ಇಲ್ಲ. ಅವನ ಕರ್ಣನನ್ನು ಓದಿ ಅಳುವಾಗ ನಾವು ಜೈನರೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಮೂವತ್ತು ವರ್ಷ ಪಂಪನ ಪಾಠ ಹೇಳಿದ್ದೇನೆ. ಇಪ್ಪತ್ತೆಂಟು ವರ್ಷ ಗೈಡು ಓದಿದ ಮಕ್ಕಳಿಗೆ ನಾನೇ ಇನ್ನೊಂದು ಗೈಡಾಗಿ ನಿಂತು, ಸಾರಾಂಶ ಬರೆಸಿದೆ. ನಿವೃತ್ತಿಗೆ ಎರಡು ವರ್ಷವಿರುವಾಗ, ಬೇಸರಕ್ಕೋ ಏನೋ, ಟಿಪ್ಪಣಿ ಕೊಡುವುದನ್ನು ನಿಲ್ಲಿಸಿ ದಿನಕ್ಕೆ ನಾಲ್ಕೇ ಪದ್ಯಗಳನ್ನು ಹುಡುಗರಿಂದಲೇ ಗಟ್ಟಿಯಾಗಿ ಓದಿಸಿ, ಅನ್ವಯ ಮಾಡಿಸಿ, ಸುಮ್ಮನೆ ಕಾದೆ. ಮೊದಲ ತಿಂಗಳು ಮೌನ. ಎರಡನೆಯ ತಿಂಗಳು ಒಬ್ಬ ಹುಡುಗಿ, ಭೀಷ್ಮನನ್ನು ಹೀಯಾಳಿಸಿದ ಕರ್ಣನೇ ಕೊನೆಗೆ ಅವನ ಕಾಲಿಗೆ ಬೀಳಲು ಹೋದದ್ದೇಕೆ ಎಂದು ಕೇಳಿದಳು. ಆ ತರಗತಿ ಗಂಟೆ ಹೊಡೆದ ಮೇಲೂ ಮುಗಿಯಲಿಲ್ಲ. ಆದ್ದರಿಂದ ಪಟ್ಟಿಯ ವಿಷಯದಲ್ಲಿ ಎಷ್ಟೇ ಜಗಳವಾಡಿದರೂ, ಮೇಜಿನ ಸುತ್ತ ಕುಳಿತು ಓದುವ ಆ ರೀತಿಯ ವಿಷಯದಲ್ಲಿ ನನಗೆ ತಕರಾರಿಲ್ಲ.

ನೇತ್ರಾವತಿ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ಅರ್ವಿಂಗಿನ ಅಮ್ಮನವರ ಮಾತನ್ನು ಹೆಂಡತಿಗೆ ಓದಿ ಹೇಳಿದೆ, ಅವಳಿಗೆ ನಡುದಾರಿಯೇ ಹಿಡಿಸಿದೆ. ಮಗಳಿಗೆ ಹಿಡಿಸಿಲ್ಲ. ಎರಡೂ ಕಡೆ ಹೋಗಿ ನೋಡಿಕೊಂಡು ಬರುವುದೆಂದು ತೀರ್ಮಾನವಾಗಿದೆ, ಸಾಂತಾ ಪೌಲಾದಲ್ಲಿ ತರಗತಿಯಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿ ಬರೆದಿದ್ದಾಳೆ. ಕ್ರಿಸ್ತಪುರಾಣದ ಬಗ್ಗೆ ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರ ಅಜ್ಜಿ ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಏನನ್ನೋ ರಾಗವಾಗಿ ಹಾಡುತ್ತಿದ್ದ ನೆನಪಿದೆಯಂತೆ, ಅದೇ ಇದೋ ಅಲ್ಲವೋ ಅವರಿಗೆ ತಿಳಿಯದು.

ನಿನ್ನೆ ರಾತ್ರಿ ಊಟವಾದ ಮೇಲೆ ಮಗನ ಕಂಪಾಸ್ ಪೆಟ್ಟಿಗೆ ತೆಗೆದುಕೊಂಡು ನಾನೂ ಮಗಳೂ ಮೊದಲ ಪ್ರಮೇಯಕ್ಕೆ ಕುಳಿತೆವು. ಸೀಮೆಸುಣ್ಣ ಅವರು ಹೇಳಿದ ಸಂದು ಗೊತ್ತಿದ್ದೂ, ವೃತ್ತಗಳು ಕೂಡುವ ಕಡೆಗೆ ಬಂದಾಗ ನನ್ನ ಬಾಯಿಂದ ‘ಕಾಣುತ್ತದಲ್ಲ’ ಎಂಬ ಮಾತೇ ಬಂತು, ಅವಳು ನಕ್ಕಳು. ಆಮೇಲೆ ಎರಡನೆಯ ಪ್ರಮೇಯ. ಕೊಟ್ಟ ಗೆರೆಯಷ್ಟೇ ಉದ್ದದ ಇನ್ನೊಂದು ಗೆರೆಯನ್ನು ಬೇರೊಂದು ಬಿಂದುವಿನಿಂದ ಎಳೆಯಬೇಕು. ಕೈವಾರವನ್ನು ಅಷ್ಟಗಲಕ್ಕೆ ಹಿಡಿದು ಅಲ್ಲಿಗೆ ಒಯ್ದರಾಯಿತು ಎಂದೆ. ಕಾಗದದಿಂದ ಎತ್ತಿದ ಕೂಡಲೇ ಕೈವಾರ ಮಡಚಿಕೊಳ್ಳುತ್ತದೆ ಎಂದುಕೊಳ್ಳಬೇಕು, ಅಗಲವನ್ನು ಒಯ್ಯಬಹುದೆಂದು ನಿಯಮಗಳಲ್ಲಿ ಎಲ್ಲಿಯೂ ಹೇಳಿಲ್ಲ ಎಂದಳು. ಇಪ್ಪತ್ತು ವರ್ಷಗಳಿಂದ ನ್ಯಾನೊಮೀಟರುಗಳಲ್ಲಿ ಗೆರೆ ಎಳೆಯುವ ಕೆಲಸ ನನ್ನದು. ಹನ್ನೊಂದು ಗಂಟೆಯವರೆಗೂ ಆ ಒಂದು ಗೆರೆಯನ್ನು ಅತ್ತಲಿಂದ ಇತ್ತ ತರಲು ನನ್ನಿಂದಾಗಲಿಲ್ಲ. ಯಾರೂ ಉತ್ತರ ಬರೆಯಬೇಡಿ, ಇವತ್ತು ರಾತ್ರಿ ಮತ್ತೆ ಕೂರುತ್ತೇವೆ.